ಹಳದಿ ಕೂಸಿನ ಬಾಯಿಗೆ ಏನು ಹಾಕಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಮೇಲಿವೆ: ಹುಟ್ಟಿದ ಮಗುವಿನ ಕಾಮಾಲೆ. ಮಳೆಗಾಲ ಹಿಡಿದರೆ ಮಲೆನಾಡಿನಿಂದ ಈ ಪ್ರಶ್ನೆ ಪ್ರತಿ ವರ್ಷ ಜಾಸ್ತಿಯಾಗುತ್ತದೆ. ಬಿಸಿಲಿಲ್ಲ, ದಾರಿ ಸರಿಯಿಲ್ಲ, ಪೇಟೆ ದೂರ. ಮನೆಯಲ್ಲೇ ಬಾಯಿಗೆ ಏನಾದರೂ ಹಾಕಿ ಇಳಿಸಬಹುದೇನೋ ಅಂತ ಯಾರಿಗಾದರೂ ಅನ್ನಿಸುತ್ತದೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ಮಗಳ ಬಾಣಂತನ ನಮ್ಮ ಮನೆಯಲ್ಲೇ ನಡೆಯುತ್ತಿದೆ. ಗಂಡು ಕೂಸು, ಹುಟ್ಟಿ ಇವತ್ತಿಗೆ ಆರು ದಿನ. ನಾಲ್ಕು ವಾರ ಮೊದಲೇ ಹೆರಿಗೆಯಾಯಿತು. ಹುಟ್ಟಿದಾಗ 2.6 ಕೆಜಿ ಇತ್ತು. ನಾಲ್ಕನೇ ದಿನ ಮುಖ ಹಳದಿ ಕಂಡಿತು. ಹಿಮ್ಮಡಿ ಚುಚ್ಚಿ ರಕ್ತ ನೋಡಿ 14 ಇದೆ ಅಂದರು. ಎರಡು ದಿನ ಬಿಟ್ಟು ಮತ್ತೆ ಬನ್ನಿ, ಜಾಸ್ತಿಯಾದರೆ ಲೈಟಿಗೆ ಇಡಬೇಕಾಗುತ್ತದೆ ಅಂದರು. ಪುನರ್ವಸು ಮಳೆ ಹಿಡಿದುಕೊಂಡಿದೆ, ಕೂಸನ್ನು ಹೊರಗೆ ಒಯ್ಯಲು ಮನಸ್ಸೇ ಇಲ್ಲ. ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಝಿಂಕ್ ಡ್ರಾಪ್ಸ್ ಕೊಟ್ಟಿದ್ದಾರೆ. ಪಕ್ಕದ ಮನೆಯವರು ನೆಲನೆಲ್ಲಿ ರಸ ಹೇಳಿದರು. ನಡುವೆ ಗ್ಲೂಕೋಸ್ ನೀರು ಕೊಡುತ್ತಿದ್ದೇವೆ. ಇಷ್ಟರಲ್ಲಿ ಇಳಿಯುತ್ತದಲ್ವಾ? ಲೈಟಿಗೆ ಇಡುವುದು ತಪ್ಪಿಸಬಹುದಾ?
— ಒಬ್ಬ ಅಜ್ಜಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಪತ್ರದ ಫೋಟೊ ಪತ್ರಿಕೆಯ ವಾಟ್ಸಾಪಿಗೆ ಬಂದ ದಿನವೇ ನಾನು ನಿಮಗೆ ಫೋನ್ ಮಾಡಿದ್ದೆ. ಆರು ದಿನದ ಕೂಸಿನ ಪ್ರಶ್ನೆಗೆ ಅಚ್ಚಿನಲ್ಲಿ ಉತ್ತರ ಕೊಡಲು ತಿಂಗಳು ಕಾಯುವ ಹಾಗಿಲ್ಲ. ಈಗ ಬರೆಯುತ್ತಿರುವುದು ನಿಮ್ಮ ಹಾಗೆ ಮನೆಯಲ್ಲಿ ಬಾಣಂತಿಯನ್ನು ಇಟ್ಟುಕೊಂಡಿರುವ ಉಳಿದವರಿಗಾಗಿ. ಒಪ್ಪಿಗೆ ಕೊಟ್ಟಿದ್ದಕ್ಕೆ ನಿಮಗೂ ಮಗಳಿಗೂ ನನ್ನ ಕೃತಜ್ಞತೆ.

ಫೋನಿನಲ್ಲಿ ನಾನು ಮೂರೇ ಪ್ರಶ್ನೆ ಕೇಳಿದ್ದೆ. ನಿನ್ನೆಯಿಂದ ಎಷ್ಟು ಸಲ ಹಾಲು ಕುಡಿದಿದೆ? ಎಷ್ಟು ಸಲ ಉಚ್ಚೆ ಹೊಯ್ದಿದೆ? ಕಕ್ಕದ ಬಣ್ಣ ಏನು? ನೀವು ಹೇಳಿದ್ದು ಹೀಗೆ: ಹಾಲು ಐದಾರು ಸಲ, ಉಚ್ಚೆ ಮೂರು ಸಲ, ಕಕ್ಕ ಇನ್ನೂ ಕಡು ಹಸಿರು. "ಬಹಳ ನಿದ್ದೆ ಮಾಡ್ತದೆ ಡಾಕ್ಟ್ರೇ, ಹಟ ಇಲ್ಲ" ಅಂತ ಸಮಾಧಾನದಿಂದಲೇ ಹೇಳಿದಿರಿ. ನನಗೆ ಹೆದರಿಕೆಯಾದದ್ದು ಆ ಮಾತಿಗೇ. ಡ್ರಾಪ್ಸ್, ರಸ, ಗ್ಲೂಕೋಸ್ ನೀರು ಎಲ್ಲ ನಿಲ್ಲಿಸಿ ಈಗಲೇ ಹೊರಡಿ ಅಂದೆ. ಅವತ್ತೇ ಜೀಪು ಮಾಡಿಕೊಂಡು ಹೋದಿರಿ. ರಕ್ತದಲ್ಲಿನ ಹಳದಿ ಅಂಶ, ಅಂದರೆ ಬಿಲಿರುಬಿನ್, 14ರಿಂದ 19 ಮುಟ್ಟಿತ್ತು. ತೂಕ 2.3 ಕೆಜಿಗೆ ಇಳಿದಿತ್ತು. ಅಂದರೆ ಹುಟ್ಟಿದ ತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಹೋಗಿತ್ತು. ಒಂದೂವರೆ ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ತಾಯಿಯ ಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಿದರು. ಬಿಲಿರುಬಿನ್ 11ಕ್ಕೆ ಇಳಿಯಿತು. ಈಗ ಕೂಸಿಗೆ ತಿಂಗಳು ತುಂಬಿ 3 ಕೆಜಿ ದಾಟಿದೆ.

ಇನ್ನು ಡ್ರಾಪ್ಸಿನ ವಿಷಯ. ಅದಕ್ಕೆ ಮೊದಲು ಈ ಹಳದಿ ಎಲ್ಲಿಂದ ಬರುತ್ತದೆ ಅಂತ ಹೇಳಬೇಕು.

ಹುಟ್ಟಿದ ಮಗುವಿನ ಮೈಯಲ್ಲಿ ಕೆಂಪು ರಕ್ತಕಣಗಳು ನಮಗಿಂತ ಜಾಸ್ತಿ ಇರುತ್ತವೆ, ಬೇಗ ಒಡೆಯುತ್ತವೆ. ಒಡೆದಾಗ ಬರುವ ಹಳದಿ ವಸ್ತುವೇ ಬಿಲಿರುಬಿನ್. ಹೊಟ್ಟೆಯಲ್ಲಿದ್ದಷ್ಟು ದಿನ ಅದು ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ಲಿವರ್ ಅದನ್ನು ಹೊರಹಾಕುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಕೆಲಸ ಮಗುವಿನ ಲಿವರಿನ ಪಾಲಿಗೆ ಬರುತ್ತದೆ. ಅದಿನ್ನೂ ಎಳೆಯದು. ಹಾಗಾಗಿ ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ, ಮೊದಲೇ ಹುಟ್ಟಿದ ನೂರರಲ್ಲಿ ಸುಮಾರು 80 ಮಕ್ಕಳಿಗೆ ಮೊದಲ ವಾರದಲ್ಲಿ ಹಳದಿ ಕಾಣುತ್ತದೆ. ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ದೊಡ್ಡವರಿಗೆ ವೈರಸ್ಸಿನಿಂದ ಲಿವರ್ ಊದಿ ಬರುವ ಕಾಮಾಲೆಯೇ ಬೇರೆ, ಇದೇ ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರು. ಅದರಿಂದಲೇ ದೊಡ್ಡವರಿಗೆ ಹೇಳುವ ನೆಲನೆಲ್ಲಿ ಕೂಸಿನ ಬಾಯಿಗೂ ಬಂದುಬಿಟ್ಟಿದೆ.

ಎಳೆ ಲಿವರ್ ಕಷ್ಟಪಟ್ಟು ಬಿಲಿರುಬಿನ್ನನ್ನು ಕರುಳಿಗೆ ತಳ್ಳುತ್ತದೆ. ಅದು ಕಕ್ಕದಲ್ಲಿ ಹೊರಗೆ ಹೋಗಬೇಕು. ಕಕ್ಕ ತಡವಾದರೆ ಕರುಳಿನಿಂದಲೇ ಒಂದು ಪಾಲು ಮತ್ತೆ ರಕ್ತಕ್ಕೆ ವಾಪಸ್ ಸೇರುತ್ತದೆ. ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಮತ್ತೆ ಮರದ ಬುಡಕ್ಕೇ ನಿಲ್ಲುತ್ತದಲ್ಲ, ಹಾಗೆ.

ಬಾಯಿಗೆ ಹಾಕುವ ಎಲ್ಲ ಔಷಧಿಯ ಹಿಂದಿರುವ ಯೋಚನೆ ಇಲ್ಲಿಂದಲೇ ಬಂದದ್ದು. ಕರುಳಿನಲ್ಲಿ ಬಿಲಿರುಬಿನ್ನನ್ನು ಹಿಡಿದುಕೊಳ್ಳುವ ಏನನ್ನಾದರೂ ಕೊಟ್ಟರೆ ಅದು ವಾಪಸ್ ಹೋಗುವುದು ತಪ್ಪುತ್ತದಲ್ವಾ? ಯೋಚನೆ ಒಳ್ಳೆಯದೇ. 1970ರ ದಶಕದಲ್ಲಿ ಸಮುದ್ರದ ಪಾಚಿಯಿಂದ ತೆಗೆಯುವ ಅಗರ್ ಕೊಟ್ಟು ನೋಡಿದರು. ಇದ್ದಿಲ ಪುಡಿ ಕೊಟ್ಟು ನೋಡಿದರು. ಝಿಂಕ್ ಕೂಡ ಇದೇ ಸಾಲಿನದು. ಅದು ಬಿಲಿರುಬಿನ್ನಿಗೆ ಅಂಟಿಕೊಳ್ಳುತ್ತದೆ ಎಂಬುದು ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ನಿಜ. ಆದರೆ ದೆಹಲಿಯ ಏಮ್ಸ್ ವೈದ್ಯರು ಕಾಮಾಲೆ ಏರುವ ಸಂಭವ ಇದ್ದ ಶಿಶುಗಳಿಗೆ ಝಿಂಕ್ ಕೊಟ್ಟು, ಅಂಥದೇ ಇನ್ನೊಂದು ಗುಂಪಿಗೆ ಝಿಂಕ್ ಇಲ್ಲದ ಔಷಧಿ ಕೊಟ್ಟು ಹೋಲಿಸಿದರು. ಎರಡು ಗುಂಪಿನಲ್ಲೂ ಮಕ್ಕಳ ಕಾಮಾಲೆ ಒಂದೇ ಥರ ಏರಿತು. ಅದು 2011ರಲ್ಲಿ ಪ್ರಕಟವಾಯಿತು. ಬೇರೆ ಕಡೆಯ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಲೈಟಿನ ಬದಲು ಇದನ್ನು ನಂಬಬಹುದು ಅಂತ ಹೇಳುವಷ್ಟು ಬಲ ಯಾವುದರಲ್ಲೂ ಇಲ್ಲ. ಝಿಂಕಿಗೆ ಅದರದೇ ಒಳ್ಳೆಯ ಜಾಗ ಇದೆ: ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ ಕೊಡುತ್ತೇವೆ. ಅಲ್ಲಿ ಅದು ಜೀವ ಉಳಿಸುತ್ತದೆ.

ಬ್ರಿಟನ್ನಿನ ನೈಸ್ ಸಂಸ್ಥೆ 2010ರಲ್ಲಿ ನವಜಾತ ಶಿಶುಗಳ ಕಾಮಾಲೆಗೆ ಮಾರ್ಗಸೂಚಿ ತಂದಿತು. ಅದರಲ್ಲಿ ಕೊಡಬಾರದ್ದರ ಪಟ್ಟಿಯೇ ಇದೆ. ಅಗರ್, ಇದ್ದಿಲು, ಗ್ಲಿಸರಿನ್, ಕ್ಲೋಫೈಬ್ರೇಟ್, ಫೀನೋಬಾರ್ಬಿಟೋನ್ ಜಾತಿಯ ಔಷಧಿ, ಹೋಮಿಯೋಪಥಿ ಎಲ್ಲ ಆ ಪಟ್ಟಿಯಲ್ಲಿವೆ. ಫೀನೋಬಾರ್ಬಿಟೋನ್ ಲಿವರಿಗೆ ಚುರುಕು ಕೊಡುವುದು ಹೌದು. ಆದರೆ ಕೆಲಸ ಶುರುವಾಗಲು ದಿನಗಳೇ ಬೇಕು, ಅಷ್ಟರಲ್ಲಿ ಕೂಸಿಗೆ ನಿದ್ದೆ ಬರಿಸಿ ಹಾಲು ಕಮ್ಮಿ ಮಾಡಿಸುತ್ತದೆ. ಈಚೆಗೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಪುಡಿ, ಡ್ರಾಪ್ಸ್ ಕೂಡ ಕೇಳುತ್ತಾರೆ. ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಅನುಕೂಲ ಕಂಡಿದೆ. ಆದರೂ ಕಾಮಾಲೆಯ ಚಿಕಿತ್ಸೆ ಅಂತ ಅದನ್ನು ಒಪ್ಪಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಅದು ಅಪಾಯವಾಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ಅಂಗಡಿಯಿಂದ ತಂದು ನೀವಾಗಿಯೇ ಹಾಕಬೇಡಿ.

ಗ್ಲೂಕೋಸ್ ನೀರಿಗೆ ಬರೋಣ. ಡ್ರಾಪ್ಸಿಗಿಂತ ಜಾಸ್ತಿ ಹಾನಿ ಮಾಡುವುದು ಇದೇ. ಯಾಕೆಂದರೆ ಇದು ಹಾಲಿನ ಜಾಗ ಕಸಿಯುತ್ತದೆ. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವ ಹಾಲು 2ರಿಂದ 10 ಎಂಎಲ್. ಮೂರನೇ ದಿನಕ್ಕೆ 15ರಿಂದ 30. ಆ ಪುಟ್ಟ ಹೊಟ್ಟೆಗೆ ಒಳಲೆ ತುಂಬ ಸಿಹಿ ನೀರು ಹೊಯ್ದರೆ ಹಸಿವೇ ಆಗುವುದಿಲ್ಲ. ಮೊಲೆ ಚೀಪುವುದಿಲ್ಲ. ಚೀಪದಿದ್ದರೆ ತಾಯಿಗೂ ಹಾಲು ಇಳಿಯುವುದಿಲ್ಲ. ನೀರಿನಿಂದ ಕಕ್ಕವೂ ಹೋಗುವುದಿಲ್ಲ. ಬಿಲಿರುಬಿನ್ ಹೋಗುವುದು ಕಕ್ಕದಲ್ಲಿ ತಾನೇ? ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿ ಹೇಳಿದೆ: ಕಾಮಾಲೆ ತಡೆಯಲೂ ಇಳಿಸಲೂ ನೀರಾಗಲಿ, ಗ್ಲೂಕೋಸ್ ನೀರಾಗಲಿ ಕೊಡಬಾರದು.

ನಮ್ಮ ಕಡೆ ಇನ್ನೂ ಕೆಲವು ಇವೆ. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಸವರುವುದು. ಜೇನು ವರ್ಷ ತುಂಬುವವರೆಗೂ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ಮೈಕೈ ಸೋಲಿಸುವ ವಿಷ ಬಿಡುತ್ತದೆ. ಉರಮದ್ದಿನ ಕಲ್ಲು, ನೀರು, ಬೇರು ಇವು ಎಷ್ಟೇ ತೊಳೆದರೂ ಆರು ದಿನದ ಕರುಳಿಗೆ ಸಾಕಷ್ಟು ಚೊಕ್ಕ ಆಗುವುದಿಲ್ಲ.

ಹಾಗಾದರೆ ಬಾಯಿಗೆ ಏನೂ ಹಾಕಬಾರದಾ? ಹಾಕಬೇಕು, ಹಾಲು ಹಾಕಬೇಕು. ದಿನಕ್ಕೆ 8ರಿಂದ 12 ಸಲ. ಮೊದಲ ದಿನಗಳ ಗಟ್ಟಿ ಹಳದಿ ಹಾಲೇ ಕೂಸಿಗೆ ಜುಲಾಬಿನ ಕೆಲಸ ಮಾಡುತ್ತದೆ, ಹುಟ್ಟಿದಾಗಿನ ಕಪ್ಪು ಕಕ್ಕವನ್ನು ಹೊರಗೆ ತಳ್ಳುತ್ತದೆ. ಅದನ್ನು ಹಿಂಡಿ ಚೆಲ್ಲುವ ಮನೆಗಳು ಈಗಲೂ ಇವೆ, ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮೊಮ್ಮಗನ ಹಾಗೆ ಬೇಗ ಹುಟ್ಟಿದ ಮಕ್ಕಳಿಗೆ ಚೀಪುವ ಬಲ ಕಮ್ಮಿ. ಐದು ನಿಮಿಷ ಚೀಪಿ ನಿದ್ದೆ ಹೋಗುತ್ತವೆ. ಅಂಥ ಕೂಸನ್ನು ಎರಡು ಗಂಟೆಗೊಮ್ಮೆ ಎಬ್ಬಿಸಬೇಕು. ಅಂಗಾಲು ಉಜ್ಜಿ, ಸುತ್ತಿದ ಬಟ್ಟೆ ಬಿಚ್ಚಿ. ಮೊಲೆ ಬಿಟ್ಟ ಮೇಲೆ ಉಳಿದ ಹಾಲನ್ನು ಹಿಂಡಿ ಒಳಲೆಯಲ್ಲಿ ಕೊಡಬೇಕು. ತೂಕ ಬಹಳ ಇಳಿದು, ತಾಯಿಗೆ ಹಾಲು ಇನ್ನೂ ಸಾಲದಾದರೆ ಕೆಲವು ದಿನ ಮೇಲಿನ ಹಾಲು ಸೇರಿಸಿ ಅಂತ ವೈದ್ಯರು ಹೇಳಬಹುದು. ಹೇಳಿದರೆ ಬೇಸರ ಬೇಡ. ಕಾಮಾಲೆಯಲ್ಲಿ ಕೆಲಸ ಮಾಡುವ ಪೂರಕ ಆಹಾರ ಅದೊಂದೇ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ, ಮೂರು ನಾಲ್ಕು ಸಲ ಸಾಸಿವೆ ಬಣ್ಣದ ಕಕ್ಕ ಆಗುತ್ತಿದ್ದರೆ ಹೊಟ್ಟೆ ತುಂಬುತ್ತಿದೆ ಅಂತ ಅರ್ಥ.

ಲೈಟ್ ತಪ್ಪಿಸಬಹುದಾ ಅಂತ ಕೇಳಿದ್ದೀರಿ. ಎಷ್ಟಕ್ಕೆ ಲೈಟ್ ಬೇಕು ಎಂಬುದಕ್ಕೆ ಒಂದೇ ಅಂಕಿ ಇಲ್ಲ. ಕೂಸು ಹುಟ್ಟಿ ಎಷ್ಟು ಗಂಟೆ ಆಯಿತು, ಎಷ್ಟು ವಾರಕ್ಕೆ ಹುಟ್ಟಿತು, ಬೇರೆ ತೊಂದರೆ ಇದೆಯಾ ಎಂಬುದರ ಮೇಲೆ ಅದು ಬದಲಾಗುತ್ತದೆ. ಐದನೇ ದಿನದ ಗಟ್ಟಿಮುಟ್ಟು ಕೂಸಿಗೆ 14 ಇದ್ದರೆ ಹಾಲು ಕುಡಿಸಿ ಕಾಯಬಹುದು. ಮೊದಲ ದಿನವೇ 14 ಆದರೆ ಅದು ತುರ್ತು. ಅದಕ್ಕೇ "ಎರಡು ದಿನ ಬಿಟ್ಟು ಬನ್ನಿ" ಅಂದರೆ ಮಳೆ ಇರಲಿ, ಬಿಸಿಲಿರಲಿ, ಹೋಗಲೇಬೇಕು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಸೋದರಮಾವನ ಮಗ ನನಗಿಂತ ನಾಲ್ಕು ವರ್ಷ ದೊಡ್ಡವನು. ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆಯಲ್ಲಿ, ಆಷಾಢದಲ್ಲಿ. ಅವನಿಗೆ ಕಿವಿ ಕೇಳುವುದಿಲ್ಲ. ಕೈಕಾಲು ತಮ್ಮಷ್ಟಕ್ಕೇ ತಿರುಚಿಕೊಳ್ಳುತ್ತವೆ. ಬುದ್ಧಿ ಮಾತ್ರ ಚುರುಕು, ಚೌಕಾಬಾರದಲ್ಲಿ ನಾನು ಅವನನ್ನು ಗೆದ್ದದ್ದೇ ಕಮ್ಮಿ. ಮೆಡಿಕಲ್ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಪಾಠ ಕೇಳುವಾಗ, ಬಿಲಿರುಬಿನ್ ಮಿದುಳಿನ ಆಳಕ್ಕೆ ಇಳಿದರೆ ಏನೇನಾಗುತ್ತದೆ ಅಂತ ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಾ ಹೋದರು. ಬರೆದದ್ದೆಲ್ಲ ಅವನೇ ಆಗಿದ್ದ. ರಜೆಗೆ ಹೋದಾಗ ಅತ್ತೆಯನ್ನು ಕೇಳಿದೆ. "ಹುಟ್ಟಿದ ವಾರ ಅರಿಶಿನ ಕೊಂಬಿನ ಹಾಗಿದ್ದ ಕಣೇ. ಸಕ್ಕರೆ ನೀರು ಹಾಕಿದ್ವಿ. ಆಮೇಲೆ ಎರಡು ದಿನ ಬರೀ ನಿದ್ದೆ. ಎಷ್ಟು ಒಳ್ಳೇ ಕೂಸು ಅಂತಿದ್ರು ಎಲ್ಲರೂ" ಅಂದರು. ಆಗ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅತ್ತೆಯ ತಪ್ಪು ಇದರಲ್ಲಿ ಏನೂ ಇಲ್ಲ.

ಪ್ರಶ್ನೆ: ನಮ್ಮದು ಆಗುಂಬೆ ಹತ್ತಿರ. ಮಗುವನ್ನು ಎಳೆ ಬಿಸಿಲಿಗೆ ಹಿಡಿಯಿರಿ ಅಂದಿದ್ದಾರೆ. ಹದಿನೈದು ದಿನದಿಂದ ಸೂರ್ಯನನ್ನೇ ಕಂಡಿಲ್ಲ. ಮನೆಯ ಟ್ಯೂಬ್‌ಲೈಟ್ ಹತ್ತಿರ ಮಲಗಿಸಿದರೆ ಆಗುತ್ತದಾ? ಆ ನೀಲಿ ಬೆಳಕಿನಿಂದ ಕಣ್ಣಿಗೆ ತೊಂದರೆ ಇಲ್ಲವಾ?
— ಹೊಸ ತಂದೆ

ಉತ್ತರ: ಟ್ಯೂಬ್‌ಲೈಟಿನಿಂದ ಆಗುವುದಿಲ್ಲ. ಬಿಲಿರುಬಿನ್ನಿನ ಮೇಲೆ ಕೆಲಸ ಮಾಡುವುದು ನೀಲಿ ಬೆಳಕು, ಸುಮಾರು 460ರಿಂದ 490 ನ್ಯಾನೋಮೀಟರ್ ಅಲೆಯದ್ದು. ಅದೂ ಮೈಗೆ ಹತ್ತಿರದಿಂದ, ಸಾಕಷ್ಟು ಬಲವಾಗಿ ಬೀಳಬೇಕು. ಆ ಬೆಳಕು ಬಿದ್ದಾಗ ಚರ್ಮದ ಕೆಳಗಿನ ಬಿಲಿರುಬಿನ್ನಿನ ಆಕಾರವೇ ಬದಲಾಗುತ್ತದೆ. ಹೊಸ ಆಕಾರದಲ್ಲಿ ಅದು ನೀರಿನಲ್ಲಿ ಕರಗುತ್ತದೆ, ಲಿವರಿನ ಸಹಾಯಕ್ಕೆ ಕಾಯದೆ ಉಚ್ಚೆ, ಕಕ್ಕದಲ್ಲಿ ಹೋಗುತ್ತದೆ. ಲಿವರಿಗೆ ಬೇಕಾದ ಸಮಯವನ್ನು ಬೆಳಕು ಸಂಪಾದಿಸಿ ಕೊಡುತ್ತದೆ.

ಇದು ಗೊತ್ತಾದದ್ದು ಒಬ್ಬ ನರ್ಸಿನಿಂದ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬುವರು ಬೇಗ ಹುಟ್ಟಿದ ಮಕ್ಕಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಡಾಕ್ಟರ್ ಕ್ರೆಮರ್ ಮತ್ತು ಜೊತೆಯವರು ಅದರ ಬೆನ್ನು ಹತ್ತಿ 1958ರಲ್ಲಿ ಬೆಳಕಿನ ಚಿಕಿತ್ಸೆಯ ಬಗ್ಗೆ ಬರೆದರು. ಕೂಸನ್ನು ದಿನವೂ ಕೈಯಲ್ಲಿ ಎತ್ತುವವರ ಕಣ್ಣಿಗೆ ಕಾಣುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ನಾನು ಅಜ್ಜಿಯರ ಮಾತನ್ನು ಕಿವಿಗೊಟ್ಟು ಕೇಳುತ್ತೇನೆ.

ಬಿಸಿಲಿನಲ್ಲಿ ಆ ನೀಲಿ ಇದೆ. ಜೊತೆಗೆ ಚರ್ಮ ಸುಡುವ ಕಿರಣ, ಬಿಸಿ ಕೂಡ ಇವೆ. ನೈಜೀರಿಯಾದಲ್ಲಿ ಆ ಎರಡನ್ನೂ ತಡೆಯುವ ಹಾಳೆಯ ಚಪ್ಪರ ಕಟ್ಟಿ, ಅದರ ಕೆಳಗೆ ಮಕ್ಕಳನ್ನು ಮಲಗಿಸಿ ಗೆದ್ದಿದ್ದಾರೆ, 2015ರಲ್ಲಿ ಅದು ಪ್ರಕಟವಾಗಿದೆ. ಅಲ್ಲಿ ವೈದ್ಯರು ನಿಂತು ಗಂಟೆಗೊಮ್ಮೆ ಜ್ವರ ನೋಡುತ್ತಿದ್ದರು. ನಮ್ಮ ಜಗಲಿಯ ಹತ್ತು ನಿಮಿಷದ ಬಿಸಿಲಿಗೆ ಅಷ್ಟು ಬಲವಿಲ್ಲ. ಅದಕ್ಕಿಂತ ಮುಖ್ಯ, ಆಗುಂಬೆಯ ಜುಲೈ ತಿಂಗಳಲ್ಲಿ ಕೂಸಿನ ಬಟ್ಟೆ ಬಿಚ್ಚಿ ಬಾಗಿಲಲ್ಲಿ ಹಿಡಿದರೆ ಮೈ ತಣ್ಣಗಾಗುತ್ತದೆ. ತಣ್ಣಗಾದ ಕೂಸು ಹಾಲು ಕುಡಿಯುವುದಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಯೇ ಲೈಟಿನ ಕೆಳಗೆ ಮಲಗಿಸುತ್ತಾರೆ. ಹಾಲು ಕೊಡುವಾಗ ತೆಗೆದು, ಕೂಸಿನ ಮುಖ ನೋಡಿ. ಕಕ್ಕ ನೀರಾಗಬಹುದು, ಮೈಮೇಲೆ ಸಣ್ಣ ಗುಳ್ಳೆ ಬರಬಹುದು, ಎರಡೂ ಹೋಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಕಾಯಿಲೆಯಾದ ಶಿಶುವಿಗೆ ಚಿಕಿತ್ಸೆ, ಔಷಧಿ, ಹೋಗಿಬರುವ ವಾಹನ ಎಲ್ಲ ಉಚಿತ ಎಂಬ ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಇದೆ. 108ಕ್ಕೆ ಫೋನ್ ಮಾಡಿ. ತಾಲ್ಲೂಕಿನಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ.

ಪ್ರಶ್ನೆ: ಹೆಣ್ಣುಮಗುವಿಗೆ ಐದು ವಾರ. ಕಣ್ಣು ಇನ್ನೂ ಹಳದಿ. ಹಾಲು ಚೆನ್ನಾಗಿ ಕುಡಿಯುತ್ತದೆ. ಕಕ್ಕ ಮಾತ್ರ ಸುಣ್ಣದ ಹಾಗೆ ಬೆಳ್ಳಗಿದೆ. ಎದೆಹಾಲಿನ ಕಾಮಾಲೆ, ಮೂರು ತಿಂಗಳಿಗೆ ಹೋಗುತ್ತದೆ ಅಂತ ನೆಂಟರೊಬ್ಬರು ಹೇಳಿದರು. ಕಾಯಬಹುದಾ?
— ಸಾಗರ

ಉತ್ತರ: ಕಾಯಬೇಡಿ. ಈ ಸಾಲು ಓದಿದ ತಕ್ಷಣ ಪತ್ರಿಕೆ ಕೆಳಗಿಟ್ಟು ಮಗುವನ್ನು ಮಕ್ಕಳ ವೈದ್ಯರ ಹತ್ತಿರ ಕರೆದೊಯ್ಯಿರಿ. ನೀವು ಫೋನ್ ನಂಬರ್ ಬರೆದಿಲ್ಲ. ಅದಕ್ಕೆ ಸಂಪಾದಕರಲ್ಲಿ ಕೇಳಿಕೊಂಡು ನಿಮ್ಮ ಪತ್ರವನ್ನು ಪತ್ರಿಕೆಯ ಫೇಸ್‌ಬುಕ್ ಪುಟದಲ್ಲೂ ಹಾಕಿಸಿದ್ದೇನೆ.

ಎದೆಹಾಲಿನ ಕಾಮಾಲೆ ಎಂಬುದು ಇದೆ, ಎರಡು ಮೂರು ತಿಂಗಳು ಎಳೆಯುವುದೂ ನಿಜ. ಅದರಲ್ಲಿ ಕಕ್ಕ ಹಳದಿಯೇ ಇರುತ್ತದೆ, ಹಾಲು ನಿಲ್ಲಿಸುವ ಅಗತ್ಯವಿಲ್ಲ. ಕಕ್ಕ ಬೆಳ್ಳಗೆ, ಉಚ್ಚೆ ಬಟ್ಟೆಗೆ ಹಳದಿ ಕಲೆ ಹತ್ತುವಷ್ಟು ಗಾಢ ಆದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಅಂತ ಅರ್ಥ. ಪಿತ್ತನಾಳ ಮುಚ್ಚಿಹೋಗಿದ್ದರೆ ಅದಕ್ಕೆ ಕಸಾಯಿ ಎಂಬ ಜಪಾನಿ ಸರ್ಜನ್ ಕಂಡುಹಿಡಿದ ಆಪರೇಷನ್ ಇದೆ. 60 ದಿನದ ಒಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ. ತಡವಾದಷ್ಟೂ ಲಿವರ್ ಕೆಡುತ್ತದೆ. ನಿಮ್ಮ ಮಗುವಿಗೆ 35 ದಿನ ಆಗಲೇ ಕಳೆದಿದೆ. ಬೆಳ್ಳಗಿನ ಕಕ್ಕದ ಫೋಟೊ ತೆಗೆದುಕೊಂಡು ಹೋಗಿ. "ಎರಡೂ ಥರದ ಬಿಲಿರುಬಿನ್ ನೋಡಿ" ಅಂತ ನೀವೇ ಕೇಳಿ.

ಪ್ರಶ್ನೆ: ನಾನು ಅರಿಶಿನ ಹಾಕಿದ ಸಾರು, ಬಾಣಂತಿ ಲೇಹ್ಯ ತಿನ್ನುವುದರಿಂದಲೇ ಮಗು ಹಳದಿಯಾಯಿತು ಅಂತ ಅತ್ತೆ ಹೇಳುತ್ತಾರೆ. ನೀರು ಕುಡಿದರೆ ಶೀತ ಅಂತ ದಿನಕ್ಕೆ ಎರಡು ಲೋಟ ಬಿಸಿನೀರು ಮಾತ್ರ.
— ಕೊಪ್ಪ

ಉತ್ತರ: ಅರಿಶಿನಕ್ಕೂ ಈ ಹಳದಿಗೂ ಸಂಬಂಧವಿಲ್ಲ ತಾಯಿ. ಬಣ್ಣ ಒಂದೇ, ಅಷ್ಟೇ. ನೀವು ಹಸಿವಾದಷ್ಟು ಉಣ್ಣಿ. ಸೊಪ್ಪು, ತರಕಾರಿ, ತುಪ್ಪ, ತಿನ್ನುವವರಾದರೆ ಮೊಟ್ಟೆ, ಮೀನು, ಎಲ್ಲವೂ ಆಗುತ್ತದೆ. ನೀರು ಬಾಯಾರಿದಷ್ಟೂ ಕುಡಿಯಿರಿ. ಕೂಸಿಗೆ ಹಾಲು ಕೊಡಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ಇಟ್ಟುಕೊಳ್ಳಿ. ನಿಮ್ಮ ಅತ್ತೆಗೆ ಈ ಪುಟ ಓದಿ ಹೇಳಿ. ಅವರೂ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿರುವುದು.

ಮಗುವಿಗೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ವಿಟಮಿನ್ ಡಿ ಹನಿ ಹಾಕಬೇಕಾ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಹಾಕಿ. ಅದು ಕಾಮಾಲೆಗಲ್ಲ, ಮೂಳೆಗೆ. ದಿನಕ್ಕೆ 400 ಯೂನಿಟ್. ಬಾಟಲಿಯಿಂದ ಬಾಟಲಿಗೆ ಎಷ್ಟು ಹನಿ ಎಂಬುದು ಬೇರೆ, ಚೀಟಿ ನೋಡಿ ಹಾಕಿ.

ಪ್ರಶ್ನೆ: ನನ್ನದು ಓ ಪಾಸಿಟಿವ್, ಮನೆಯವರದು ಬಿ ಪಾಸಿಟಿವ್. ಮೊದಲ ಮಗುವಿಗೆ ಹುಟ್ಟಿದ ಮಾರನೇ ದಿನವೇ ಕಾಮಾಲೆ ಬಂದು ಮೂರು ದಿನ ಲೈಟಿಗೆ ಇಟ್ಟಿದ್ದರು. ಈಗ ಎರಡನೆಯದು, ಎಂಟು ತಿಂಗಳು. ಮೊದಲೇ ಏನಾದರೂ ಔಷಧಿ ತಗೊಂಡರೆ ತಡೆಯಬಹುದಾ?
— ಸೊರಬ

ಉತ್ತರ: ನೀವು ತೆಗೆದುಕೊಂಡು ತಡೆಯುವ ಔಷಧಿ ಇಲ್ಲ. ತಾಯಿ ಓ, ಕೂಸು ಎ ಅಥವಾ ಬಿ ಆದಾಗ ತಾಯಿಯ ರಕ್ತದ ಪ್ರತಿಕಾಯಗಳು ಕೂಸಿನ ರಕ್ತಕಣಗಳನ್ನು ಒಡೆಯಬಹುದು. ಎಲ್ಲರಿಗೂ ಆಗುವುದಿಲ್ಲ. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ. ಮಕ್ಕಳ ವೈದ್ಯರಿರುವ ಕಡೆ ಹೆರಿಗೆ ಇಟ್ಟುಕೊಳ್ಳಿ, ಹಿಂದಿನ ಕೂಸಿನ ಚೀಟಿ ಈಗಲೇ ಚೀಲಕ್ಕೆ ಹಾಕಿ, ಮೊದಲ ದಿನವೇ ಬಿಲಿರುಬಿನ್ ನೋಡಲು ಹೇಳಿ. ಬೇಗ ಮನೆಗೆ ಹೋಗುವ ಆತುರ ಬೇಡ. ನೆಗೆಟಿವ್ ಗುಂಪಿನ ತಾಯಂದಿರ ವಿಷಯ ಬೇರೆ. ಪಾಸಿಟಿವ್ ಕೂಸು ಹುಟ್ಟಿದರೆ ಅವರಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಲೇಬೇಕು. ಅದು ಮುಂದಿನ ಕೂಸನ್ನು ಕಾಪಾಡುತ್ತದೆ.

ಇನ್ನೊಂದು ಮಾತು. ಮೊದಲ ಮಗುವಿನ ಬಟ್ಟೆ ಪೆಟ್ಟಿಗೆಯಲ್ಲಿದೆ ಅಂತ ಬರೆದಿದ್ದೀರಿ. ಮಲೆನಾಡಿನ ಪೆಟ್ಟಿಗೆ ಅಂದರೆ ನುಸಿಗುಳಿಗೆ ಇರಲೇಬೇಕು, ಇಲ್ಲದಿದ್ದರೆ ಬೂಷ್ಟು, ಹುಳ. ಆದರೆ ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಜಿ-6-ಪಿ-ಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರುತ್ತದೆ. ಅಂಥವರಿಗೆ ಆ ಗುಳಿಗೆಯ ವಾಸನೆ ಹತ್ತಿದ ಬಟ್ಟೆ ಹಾಕಿದರೂ ರಕ್ತಕಣ ಸರಸರನೆ ಒಡೆಯುತ್ತವೆ. ಯಾವ ಕೂಸಿಗೆ ಕಮ್ಮಿ ಎಂದು ನೋಡಿದರೆ ತಿಳಿಯುವುದಿಲ್ಲ. ಹೆರಿಗೆಗೆ ಮೊದಲೇ ಬಟ್ಟೆಯನ್ನೆಲ್ಲ ಹೊರತೆಗೆದು, ಬಿಸಿನೀರಿನಲ್ಲಿ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹಾಕಿ. ಗುಳಿಗೆ ಆ ಪೆಟ್ಟಿಗೆಗೆ ಮತ್ತೆ ಬೇಡ.

ಪ್ರಶ್ನೆ: ನಮ್ಮೂರಿನ ಕಡೆ ಕಾಮಾಲೆಗೆ ಹೊಟ್ಟೆ ಮೇಲೆ ಬರೆ ಹಾಕುವವರು ಇದ್ದಾರೆ. ಅದರಿಂದ ವಾಸಿಯಾದ ಮಕ್ಕಳನ್ನು ನಾನೇ ನೋಡಿದ್ದೇನೆ.
— ಹೆಸರು ಬೇಡ

ಉತ್ತರ: ಅವು ಬರೆ ಇಲ್ಲದೆಯೂ ವಾಸಿಯಾಗುವ ಮಕ್ಕಳೇ ಆಗಿದ್ದವು. ಬರೆ ಹಾಕಿಸಿಕೊಂಡು, ಗಾಯ ಕೀವಾಗಿ, ನಂಜು ರಕ್ತಕ್ಕೆ ಏರಿ ನನ್ನ ವಾರ್ಡಿಗೆ ಬಂದ ಮಕ್ಕಳನ್ನು ನಾನೂ ನೋಡಿದ್ದೇನೆ. ದಯವಿಟ್ಟು ಮಾಡಿಸಬೇಡಿ. ಮಾಡಿಸಲು ಹೊರಟವರನ್ನು ಕಂಡರೆ ತಡೆಯಿರಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಬಾಣಂತಿ ಕೋಣೆಗಳಲ್ಲಿ ಕತ್ತಲು. ಕಿಟಕಿಗೂ ಕಂಬಳಿ ಕಟ್ಟಿರುತ್ತಾರೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಹಳದಿ ತಿಳಿಯುವುದೇ ಇಲ್ಲ. ಯಾವಾಗ ಕಳಿಸಬೇಕು ಅಂತ ಗೊಂದಲ.
— ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಛತ್ರಿ ಹಿಡಿದು ಗದ್ದೆ ಅಂಚಿನ ಮೇಲೆ ನಡೆದು ಹೋಗಿ ನೀವು ನೋಡುವ ಕೂಸನ್ನು ನಾನು ಪೇಟೆಯಲ್ಲಿ ಕೂತು ನೋಡಲಾರೆ.

ಬಲ್ಬಿನ ಬೆಳಕಿನಲ್ಲಿ ನೋಡಬೇಡಿ, ಅದರಲ್ಲಿ ಎಲ್ಲ ಕೂಸೂ ಹಳದಿಯೇ. ಬೆಚ್ಚಗೆ ಸುತ್ತಿಕೊಂಡು ಜಗಲಿಗೆ, ಹಗಲು ಬೆಳಕಿಗೆ ತರಲು ಹೇಳಿ. ಎರಡು ನಿಮಿಷ ಸಾಕು. ಹಣೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಡಿ, ರಕ್ತ ಸರಿದ ಆ ಕ್ಷಣದಲ್ಲಿ ಅಡಿಯ ಬಣ್ಣ ಕಾಣುತ್ತದೆ. ಹಾಗೆಯೇ ಎದೆ, ಹೊಟ್ಟೆ, ತೊಡೆ, ಅಂಗಾಲು. ಹಳದಿ ತಲೆಯಿಂದ ಕೆಳಗೆ ಇಳಿಯುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕಣ್ಣಿನ ಬಿಳಿ ಮತ್ತು ವಸಡು ನೋಡಿ. ಹೀಗೆ ನೋಡಿದರೂ ಕಣ್ಣಂದಾಜು ತಪ್ಪಬಹುದು. ಅನುಮಾನ ಬಂದರೆ ರಕ್ತ ಪರೀಕ್ಷೆಗೇ ಕಳಿಸಿ, ಅಂದಾಜಿನ ಮೇಲೆ "ಪರವಾಗಿಲ್ಲ" ಅನ್ನಬೇಡಿ.

ಹುಟ್ಟಿದ 24 ಗಂಟೆಯೊಳಗೆ ಹಳದಿ, ಅಂಗೈ ಅಂಗಾಲು ಹಳದಿ, ಎಬ್ಬಿಸಿದರೂ ಹಾಲು ಕುಡಿಯದ ನಿದ್ದೆ, ಕೀರಲು ಅಳು, ಬೆನ್ನು ಬಿಲ್ಲಿನ ಹಾಗೆ ಬಾಗುವುದು, ಜ್ವರ, ಬಿಳಿ ಕಕ್ಕ. ಇವುಗಳಲ್ಲಿ ಒಂದು ಕಂಡರೂ ಅವತ್ತೇ ಕಳಿಸಿ. ಎರಡು ವಾರ ದಾಟಿಯೂ ಹಳದಿ ಉಳಿದಿದ್ದರೆ, ಕೂಸು ಎಷ್ಟೇ ಚೆನ್ನಾಗಿರಲಿ, ಒಮ್ಮೆ ವೈದ್ಯರಿಗೆ ತೋರಿಸಲಿ. ಬೇಗ ಹುಟ್ಟಿದ ಕೂಸಾದರೆ ಮೂರು ವಾರ.

ನೀವು ಮನೆಗೆ ಹೋಗುವ ದಿನಗಳು 3, 7, 14, 21, 28, 42. ಬಿಲಿರುಬಿನ್ ಏರಿ ತುದಿ ಮುಟ್ಟುವುದು ಮೂರರಿಂದ ಐದನೇ ದಿನದ ನಡುವೆ, ಬೇಗ ಹುಟ್ಟಿದವರಿಗೆ ಇನ್ನೂ ತಡವಾಗಿ. ಅಂದರೆ ನಿಮ್ಮ ಮೊದಲ ಎರಡು ಭೇಟಿಯ ನಡುವಿನ ಸಂದು. ನನ್ನ ಕೋರಿಕೆ ಇಷ್ಟು: ಬೇಗ ಹುಟ್ಟಿದ ಕೂಸು, ಚೊಚ್ಚಲ ಬಾಣಂತಿ, ಮೊದಲ ಮಗುವಿಗೆ ಕಾಮಾಲೆ ಬಂದಿದ್ದ ಮನೆ, ಹಳ್ಳ ತುಂಬಿದರೆ ದಾರಿ ಕಡಿದುಹೋಗುವ ಮನೆ, ಇಂಥವರಿಗೆ ಐದನೇ ದಿನ ಒಂದು ಫೋನ್ ಮಾಡಿ. ಹಾಲು ಎಷ್ಟು ಸಲ, ಉಚ್ಚೆ ಎಷ್ಟು ಸಲ, ಕಕ್ಕ ಯಾವ ಬಣ್ಣ ಅಂತ ಕೇಳಿ. ಆಮೇಲೆ, ಬಾಯಿಗೆ ಬೇರೆ ಏನು ಹಾಕುತ್ತಿದ್ದೀರಿ ಅಂತಲೂ ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ "ಏನೂ ಇಲ್ಲ" ಅನ್ನುತ್ತಾರೆ. ಅಜ್ಜಿಯ ಹತ್ತಿರ, ಕಾಫಿ ಕುಡಿಯುತ್ತಾ ಕೇಳಿ.